ಅತ್ತರು ಹೂ ಬಿಡುವ ತನಕ

ಕೊಳ್ಳಲು ಬಂದವರನ್ನು ಮೊದಲು ಓಡಿಸಿಬಿಡುವ ವ್ಯಾಪಾರಿ ಎಂದರೆ ನಾನು ಕಂಡಂತೆ ಸಕಲೇಶಪುರದ ಇಮಾಮ್ ಸಾಬರು ಒಬ್ಬರೇ. ಆಗಾಗ ಆಲೂರು ಕಡೆಯ ನಮ್ಮ ಹಳ್ಳಿಗೆ ಬಂದು, ನಮ್ಮ ಜಗಲಿಯ ಮೇಲೆ ಅತ್ತರಿನ ಪೆಟ್ಟಿಗೆ ಬಿಚ್ಚುವರು. ಯಾರೇ ಬಂದರೂ ಮಣಿಕಟ್ಟಿಗೆ ಕಡ್ಡಿಯಿಂದ ಒಂದು ಹನಿ ಮುಟ್ಟಿಸಿ, "ಈಗ್ಲೇ ಮೂಸಬ್ಯಾಡ್ರವ್ವ, ಬರೀ ಸೊಪ್ಪಿನ ವಾಸ್ನೆ. ಹೋಗಿ ಕೆಲ್ಸ ನೋಡ್ಕಳಿ. ಸಾರು ಇಳ್ಸೋ ಹೊತ್ಗೆ ಹೂ ಬಿಡ್ತದೆ, ಸಾಯಂಕಾಲ ಮರ ಆಯ್ತದೆ. ಆಮೇಲೆ ಬೇಕೋ ಬ್ಯಾಡ್ವೋ ಹೇಳಿ" ಎನ್ನುವರು.

ಹೇಳಿದ್ದು ಸುಳ್ಳಲ್ಲ. ಅವರ ಹಸಿರು ಅತ್ತರು ಮೊದಲಿಗೆ ಆಗತಾನೆ ಕೊಯ್ದ ದವನದಂತೆ ಮೂಗಿಗೆ ಚುರುಕು ಮುಟ್ಟಿಸುತ್ತಿತ್ತು. ಬರಬರುತ್ತ ಸಂಪಿಗೆ. ದೀಪ ಹಚ್ಚುವ ವೇಳೆಗೆ ತೇಯ್ದ ಗಂಧ, ಲಾವಂಚ. ನಾನಂತೂ ದಿನವಿಡೀ ಕೈ ಮೂಸಿಕೊಂಡೇ ತಿರುಗಿ ಅವ್ವನಿಂದ ಬೈಸಿಕೊಳ್ಳುತ್ತಿದ್ದೆ.

ಮಾರನಹಳ್ಳಿ ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ನನ್ನನ್ನು ನೋಡಲು ಬರುವುದೆಂದಾಯಿತು. ನೆಂಟರ ಮದುವೆಯಲ್ಲಿ ಅವರು ನಗುವುದನ್ನು ದೂರದಿಂದ ನೋಡಿ, ಮದುವೆಯಾದರೆ ಇವರನ್ನೇ ಆಗಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟಿದ್ದೆ. ಹಿಂದೆ ಬಂದ ಗಂಡಿನವರು "ಬಣ್ಣ ಸ್ವಲ್ಪ ಕಮ್ಮಿ" ಎಂದು ಎದ್ದುಹೋಗಿದ್ದರಿಂದ, ಈ ಸಲ ನನ್ನ ನಂಬಿಕೆಯೆಲ್ಲ ಅತ್ತರಿನ ಮೇಲೆ. ಬೆಳಿಗ್ಗೆಯೇ ಸಾಬರನ್ನು ಕರೆಸಿ ಹಚ್ಚಿಸಿಕೊಂಡೆ. ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಗಂಡಿನವರು, ಯಾರದೋ ಜೀಪು ಸಿಕ್ಕಿತೆಂದು, ಹೇಳಿದ್ದಕ್ಕಿಂತ ಮೊದಲೇ ಬಂದಿಳಿದರು. ಅಜ್ಜಿ ನನ್ನನ್ನು ಮೂಸಿ, "ಅಯ್ಯೋ ಮಾರಾಯ್ತಿ, ಹಸಿಹುಲ್ಲಿನ ಹೊರೆ ಇದ್ದಂಗಿದೀಯಲ್ಲೇ" ಅಂದಳು. ನನಗೆ ಅಳುವೇ ಬಂತು.

"ಸಾಬ್ರೇ, ಇನ್ನೂ ಸೊಪ್ಪಲ್ಲೇ ಐತೆ" ಎಂದು ಕಿಟಕಿಯಿಂದ ಪಿಸುಗುಟ್ಟಿದೆ. ಅವರು ಜಗಲಿ ಹತ್ತಿದವರನ್ನೆಲ್ಲ ತಡೆದು ಕೂರಿಸಿ, ಒಬ್ಬೊಬ್ಬರಿಗೂ ಹನಿ ಹಚ್ಚಿ, "ಹೂ ಬಿಡ್ದೆ ಒಳಿಕ್ಕೆ ಹೋದ್ರೆ ಶಕುನ ಅಲ್ಲ ಸ್ವಾಮಿ" ಎಂದು ಅಪ್ಪಣೆ ಮಾಡಿದರು. ಅಂಥ ಶಕುನ ಯಾವ ಪಂಚಾಂಗದಲ್ಲೂ ಇಲ್ಲ. ಆದರೂ ರುಮಾಲಿನ ಹಿರಿಯರೆಲ್ಲ ಒಬ್ಬರ ಕೈ ಒಬ್ಬರು ಎಳೆದು ಮೂಸುತ್ತ, "ನಿಂದು ಬಿಡ್ತೇನೋ? ನಂದಿನ್ನೂ ಇಲ್ಲ ಕಣೋ" ಎಂದು ಕೂತುಬಿಟ್ಟರು. ಒಳಗೆ ನಾವು ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಕ್ಕು ಸುಸ್ತಾದೆವು. ಸಂಪಿಗೆ ಘಮ್ಮೆಂದ ಮೇಲೆಯೇ ನಾನು ಕಾಫಿ ತಟ್ಟೆ ಹಿಡಿದು ಹೊರಗೆ ಬಂದದ್ದು. ಹೊರಡುವ ಮುಂಚೆಯೇ ಅವರು ಒಪ್ಪಿಗೆ ಹೇಳಿದರು.

ಮದುವೆಯಾಗಿ ಕೆಲವು ವರ್ಷಗಳ ಮೇಲೆ, ಸಾಬರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಅದೇ ಕೊನೆಯ ಭೇಟಿ. ನಗಿಸೋಣವೆಂದು, ಯಜಮಾನರು ಆಗಷ್ಟೇ ಬಾಯಿಬಿಟ್ಟಿದ್ದ ಗುಟ್ಟು ಹೇಳಿದೆ: "ಅವತ್ತು ಅವ್ರಿಗೆ ಜೋರು ನೆಗಡಿಯಂತೆ ಸಾಬ್ರೇ. ಯಾವ ವಾಸ್ನೆನೂ ಗೊತ್ತಾಗ್ದೆ, ಸುಮ್ನೆ ಎಲ್ರ ಜೊತೆ ಕೈ ಮೂಸ್ತಿದ್ರಂತೆ."

ಸಾಬರು ಮಂಚ ಅಲುಗುವಂತೆ ನಕ್ಕರು. ಕಣ್ಣೊರೆಸಿಕೊಂಡು, "ಹಂಗಾದ್ರೆ ನನ್ನ ಅತ್ತರದ್ದು ಏನೂ ಇಲ್ಲ ಕಣವ್ವ. ಅವ್ರು ನಿನ್ನೇ ನೋಡಿ ಒಪ್ಪವ್ರೆ" ಅಂದರು.