ಕೈ ನಿಂತ ಗೆರೆ

ಆ ಬೆಳಗ್ಗೆ ನಳದ ನೀರು ಹಿಡಿದು, ರೊಟ್ಟಿ ಬಡಿದು, ಮನೆಯವರ ಡಬ್ಬಿ ಕಟ್ಟಿ ಕಳಿಸಿ ಒಳಗೆ ಬಂದೆ. ಮಗಳು ಟ್ರಂಕಿನಿಂದ ನಮ್ಮವ್ವನ ಶೇಡ್ ಸೀರೆ ತೆಗೆದು ಮಂಚದ ಮೇಲೆ ಹರವಿದ್ದಳು. ಕೆಳ ಅಂಚಿನಲ್ಲಿ ಕಡುನೀಲಿ, ಮೇಲೇರುತ್ತ ತಿಳಿಯಾಗಿ, ಸೊಂಟದ ಹತ್ತಿರ ಪೂರ್ತಿ ಬಿಳಿ. ಈಗ ಇದೇ ಫ್ಯಾಷನ್ನಂತೆ, ಕಾಲೇಜಿನ ಸಮಾರಂಭಕ್ಕೆ ಉಡುತ್ತಾಳಂತೆ. ಮೊಣಕಾಲಿನ ಎತ್ತರಕ್ಕೆ ಅಡ್ಡ ಗೆರೆಯೊಂದಿದೆ, ಅದನ್ನಷ್ಟು ತೆಗೆಸಿಕೊಡು ಎಂದಳು.

ಗಾಜಿಪುರ ಓಣಿಯಲ್ಲಿ ಬಣ್ಣ ಹಾಕುವ ಮುದುಕರು ಆ ಗೆರೆಯ ಮೇಲೆ ಬೆರಳಾಡಿಸಿದರು. "ಶೇಡ್ ಹಿಡಿಯೂವಾಗ ಅರವಿ ಮೇಲಕ್ಕೆ ಎತ್ತಕೋತನ ಇರಬೇಕ್ರೀ ಅಮ್ಮಾ. ಇಲ್ಲಿ ಯಾರೋ ಕೈ ನಿಲ್ಲಿಸ್ಯಾರ."

ಅದು ಯಾರ ಕೈಯೆಂದು ನನಗೆ ಗೊತ್ತಿತ್ತು.

ನಾನು ಸಣ್ಣವಳಿದ್ದಾಗ, ಕಮಲಾಪುರದ ತವರುಮನೆಯ ಹಿತ್ತಲಲ್ಲಿ ಅವ್ವ ಬಣ್ಣದ ಹಂಡೆಯ ಮುಂದೆ ನಿಂತಿದ್ದಳು. ತೊಟ್ಟಿಲಲ್ಲಿ ಜ್ವರದ ತಂಗಿ. ತೂಗುವ ಕೆಲಸ ನನ್ನದು. ನಾನೋ, ಸೀರೆ ನೀರಿನಿಂದ ಇಷ್ಟಿಷ್ಟೇ ಮೇಲೇಳುವುದನ್ನು ನೋಡುತ್ತ ಅಲ್ಲೇ ನಿಂತುಬಿಟ್ಟಿದ್ದೆ. ಅವ್ವ ತಿರುಗದೆ ಕೇಳಿದಳು, "ಮಲಗ್ಯಾಳೇನು?" ಒಳಗೆ ಹೋಗಿ ನೋಡದೆಯೇ ಹೂಂ ಎಂದೆ. ಸುಳ್ಳಾಡಿದ್ದನ್ನು ದೇವರ ಮುಂದೆ ಒಪ್ಪಿಕೊಳ್ಳಬೇಕೆಂದು ಕಾನ್ವೆಂಟಿನ ಸಿಸ್ಟರು ಕಲಿಸಿದ್ದರು. ಆ ಹೂಂ ಅನ್ನು ಇಂದಿಗೂ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ.

ತಡವಾಗಿ ಒಳಗೆ ಹೋದೆ. ತಂಗಿಯ ಕುಲಾಯಿಯ ದಾರ ಅವಳ ಬಾಯಲ್ಲಿತ್ತು, ಚೀಪುತ್ತಿರಲಿಲ್ಲ. ಬಾಗಿಲಿಗೆ ಬಂದು, "ಅವ್ವಾ, ತಂಗಿ ಏಳವಲ್ಲಳು" ಎಂದೆ.

ಅವ್ವನ ಕೈ ನಿಂತದ್ದು ಆಗ.

ನೀನು ಯಾವಾಗ ಒಳಗೆ ಹೋಗಿದ್ದೆ ಎಂದು ಅವಳು ಕೊನೆಯವರೆಗೂ ಕೇಳಲಿಲ್ಲ. ಆ ಸೀರೆಯನ್ನು ಉಡಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಅವಳು ಹೋದ ಮೇಲೆ ಟ್ರಂಕಿನ ಜೊತೆ ನನ್ನ ಮನೆಗೆ ಬಂತು.

ಗೆರೆಯ ತುಸು ಮೇಲಿನವರೆಗೆ ಮತ್ತೆ ಅದ್ದಿ, ನಿಲ್ಲದಂತೆ ಎತ್ತಿದರೆ ಹೋಗುತ್ತದೆ ಎಂದರು ಮುದುಕರು. ತೆಗೆದುಬಿಡಿ ಎಂದೆ. ನಾಲ್ಕು ಗಂಟೆಗೆ ಒದ್ದೆ ಸೀರೆಯನ್ನು ಬಿಚ್ಚಿ ತೋರಿಸಿದರು. ಗೆರೆ ಇರಲಿಲ್ಲ. ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಎಳೆಗೂಸಿನಷ್ಟೇ ಭಾರವಿತ್ತು.

ಮಾಳಿಗೆಯ ಮೇಲೆ ಒಣಹಾಕಿ, ಹತ್ತಿರ ಹೋಗಿ ನೋಡುವ ಧೈರ್ಯವಾಗದೆ ಗೋಡೆಯ ಪಕ್ಕ ಕುಳಿತೆ. ಸಂಜೆ ಆಚೆಯ ಮಾಳಿಗೆಗೆ ಸಂಡಿಗೆ ತೆಗೆಯಲು ಬಂದ ನೆರೆಮನೆಯಾಕೆ, ಗಾಳಿಗೆ ಆಗಲೇ ಒಣಗಿದ್ದ ಸೀರೆಯನ್ನು ಒಮ್ಮೆ ನೋಡಿ, ಸಂಡಿಗೆ ಬಿಡಿಸುತ್ತಲೇ ಅಂದಳು:

"ಬಣ್ಣ ಚಂದ ಹತ್ತ್ಯಾದ್ರೀ ಅಕ್ಕಾರ. ನಡಕ ಒಂದು ಗೆರಿ ಅಷ್ಟ ಉಳದದ ನೋಡ್ರಿ."