ಗೋಡೆಯಾಚೆಯ ಚಿಗವ್ವ ಹೇಳಿದ್ದು

ನಿನ್ನೆ ಪಕ್ಕದ ಮನೆಯಿಂದ ಅಜವಾನದ ಹೊಗೆ ಬಂತು. ಹೆರಿಗೆಯಾದ ಮಗಳನ್ನು ಅವರು ಆಸ್ಪತ್ರೆಯಿಂದ ಕರೆತಂದಿದ್ದರು. ಕೆಂಡಕ್ಕೆ ಬಿದ್ದ ಅಜವಾನದ ಆ ಘಾಟು ಮೂಗಿಗೆ ತಾಗಿದ್ದೇ ತಡ, ಅಕ್ಕಿಆಲೂರಿನ ನಮ್ಮ ಹಿತ್ತಲು, ಎದೆಮಟ್ಟದ ಮಣ್ಣಿನ ಗೋಡೆ, ಅದರಾಚೆ ನಿಂತ ಚಿಗವ್ವ...

ಅವಳು ನಮ್ಮ ಸಂಬಂಧಿಯಲ್ಲ, ನೆರೆಮನೆಯವಳು. ಓಣಿಯ ಮಕ್ಕಳೆಲ್ಲ ಚಿಕ್ಕಮ್ಮ ಎಂಬರ್ಥದಲ್ಲಿ ಹಾಗೆ ಕರೆಯುತ್ತಿದ್ದೆವು, ಹತ್ತಿರ ಮಾತ್ರ ಹೋಗುವಂತಿರಲಿಲ್ಲ. ಅವಳ ಕೂಸುಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದವು. ಅವಳು ಎದುರಾದರೆ ಆಯಿ, ಅಂದರೆ ಅಪ್ಪನ ತಾಯಿ, ನನ್ನನ್ನು ಸೆರಗಿನೊಳಗೆ ಎಳೆದುಕೊಂಡು, "ಬಂದ್ಳು ನೋಡು, ತೊಟ್ಟಿಲಾ ಬರಿದು ಮಾಡಾಕಿ" ಎನ್ನುತ್ತಿದ್ದಳು, ಅವಳಿಗೆ ಕೇಳುವಂತೆಯೇ. ಆ ಕೂಸುಗಳ ಹೊಕ್ಕಳಬಳ್ಳಿಯನ್ನು ಕುಡಗೋಲಿನಿಂದ ಕೊಯ್ದು ಸಗಣಿ ಕುಳ್ಳಿನ ಬೂದಿ ಹಚ್ಚಿದವಳು ಆಯಿಯೇ. ಓಣಿಯ ಹೆರಿಗೆಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು.

ಅರವತ್ತೈದರ ಯುದ್ಧದ ಕಾಲ ಅದು. ಮತ್ತೊಮ್ಮೆ ಬಸುರಾದ ಚಿಗವ್ವ ತವರಾದ ಮಾಸೂರಿಗೆ ಹೋಗಿ ಹೆತ್ತಳು. ಆ ಕೂಸು ಬದುಕಿತು. ಅದನ್ನು ಎತ್ತಿಕೊಂಡು ಅವಳು ಮರಳಿದಾಗ ನಮ್ಮ ಅವ್ವನಿಗೆ ದಿನ ತುಂಬಿತ್ತು.

"ಒದಿಯಾಕತ್ತೈತೇನ್ರಿ ಅಕ್ಕಾ?" ಎಂದಳು ಗೋಡೆಯಾಚೆಯಿಂದ.

"ನಮ್ಮತ್ತಿಗಿಂತ ಕಡಿಮಿ" ಎಂದು ಅವ್ವ ನಕ್ಕಳು.

ಚಿಗವ್ವನೂ ನಕ್ಕು, ಆಮೇಲೆ ದನಿ ತಗ್ಗಿಸಿದಳು. "ಮಾಸೂರಾಗ ನರ್ಸಬಾಯಿ ಬಂದಿದ್ಳ್ರಿ. ಕುದಿಯೋ ನೀರಾಗ ಬ್ಲೇಡ್ ಹಾಕಿ ತಗದು ಬಳ್ಳಿ ಕೊಯ್ದಳು. ಹೊಕ್ಕಳಿಗೆ ಏನೂ ಹಚ್ಚಬ್ಯಾಡ್ರಿ, ಒಣಗಲಿ ಬಿಡ್ರಿ ಅಂದ್ಳು. ಕುಡಗೋಲಾರ ಕುದಸ್ರಿ ಅಂತ ನಿಮ್ಮತ್ತಿಗೆ ಹೇಳ್ರಿ, ಅಕ್ಕಾ."

ಈ ಮಾತನ್ನು ನಾನೇ ಕೇಳಿದೆನೋ, ಆಮೇಲೆ ಕಟ್ಟಿಕೊಂಡೆನೋ? ದೊಡ್ಡವನಾದ ಮೇಲೆ ಅವ್ವನನ್ನೇ ವಿಚಾರಿಸಿದೆ. "ಅಂದಿದ್ಳು" ಎಂದಷ್ಟೇ ಹೇಳಿ ಎದ್ದು ಹೋದಳು.

ಅವ್ವ ಅಂಜುತ್ತಲೇ ಆಯಿಗೆ ಹೇಳಿದ್ದಳು. ಆಯಿ ಸೂರಿನಲ್ಲಿ ಸಿಕ್ಕಿಸಿದ್ದ ಕುಡಗೋಲನ್ನು ತೋರಿಸಿ, "ಆಕಿ ಕಡೆಯಿಂದ ನಾ ಕಲೀಬೇಕೇನು? ಈ ಓಣಿ ಅರ್ಧಾ ಇದರಿಂದನ ಭೂಮಿಗೆ ಬಂದೈತಿ" ಎಂದಳು. ಬಂದು ಉಳಿಯದವರ ಮಾತನ್ನು ಯಾರೂ ತೆಗೆಯಲಿಲ್ಲ.

ತಮ್ಮ ಹುಟ್ಟಿದ. ಐದನೆಯ ದಿನ ಹಣೆಬರಹ ಬರೆಯುವ ಶೆಟಗವ್ವನ ಪೂಜೆಯೂ ಆಯಿತು. ಆಮೇಲೆ ಅವನು ಮೊಲೆ ಹಿಡಿಯಲಿಲ್ಲ. ದವಡೆ ಬಿಗಿದಿತ್ತು. ಬಾಗಿಲ ಸಪ್ಪಳವಾದರೂ ಮೈ ಬಿಲ್ಲಿನಂತೆ ಬಾಗುತ್ತಿತ್ತು... ಅದಕ್ಕೆ ಧನುರ್ವಾಯು ಎನ್ನುತ್ತಾರೆ, ತಡೆಯಲು ಸ್ವಚ್ಛವಾದ ಅಲಗು, ಬೂದಿ ಹಚ್ಚದ ಹೊಕ್ಕಳು ಇಷ್ಟೇ ಸಾಕಿತ್ತು ಎಂದು ಧಾರವಾಡದ ಕಾಲೇಜಿಗೆ ಹೋದ ಮೇಲೆ ಓದಿದೆ.

ಅವನನ್ನು ಮಣ್ಣು ಮಾಡಿ ಬಂದವರು ನೇರ ಚಿಗವ್ವನ ಅಂಗಳಕ್ಕೆ ನಡೆದರು. "ಗ್ವಾಡಿ ಮ್ಯಾಲಿಂದ ಕಣ್ಣ ಹಾಕಿದಿ" ಎಂದು ಆಯಿ ಕೂಗಿದಳು. ಅಪ್ಪ ಆಡಿದ ಮಾತನ್ನು ಬರೆಯಲಾರೆ. ಚಿಗವ್ವ ಅವರ ಹಿಂದೆ ನಿಂತಿದ್ದ ಅವ್ವನ ಮುಖವನ್ನೇ ನೋಡುತ್ತಿದ್ದಳು. ಕುಡಗೋಲಿನ ಮಾತನ್ನು ಅವಳು ಎತ್ತಬಹುದಿತ್ತು, ಎತ್ತಲಿಲ್ಲ. ಅವ್ವನೂ ಎತ್ತಲಿಲ್ಲ. ಹಾಲಿನಿಂದ ಅವ್ವನ ಕುಪ್ಪಸ ತೊಯ್ದಿತ್ತು. "ಎದಿ ಕಟ್ಟತೈತಿ ಅಕ್ಕಾ, ಬಿಸಿನೀರಿನ ಅರಿವಿ ಇಟ್ಕೋರಿ" ಎಂದು ಚಿಗವ್ವ ಬಾಗಿಲು ಮುಂದೆ ಮಾಡಿಕೊಂಡಳು.

ಅಪ್ಪ ಆ ಗೋಡೆಯನ್ನು ತಲೆ ಮೀರುವಷ್ಟು ಎತ್ತರಿಸಿದ. ಸ್ವಲ್ಪ ದಿನಕ್ಕೆ ಅದರಾಚೆ ಯಾರೂ ಇರಲಿಲ್ಲ. ಮಾಸೂರಿಗೆ ಹೋದರೆಂದು ಕೇಳಿದ್ದೆ. ಆ ಊರಿನ ಮೇಲೆ ಎಷ್ಟೋ ಸಲ ಹಾದುಹೋಗಿದ್ದೇನೆ, ಇಳಿದಿಲ್ಲ.

ಇವತ್ತು ಕೂಸನ್ನು ನೋಡಲು ಪಕ್ಕದ ಮನೆಗೆ ಹೋದೆ. ಆ ಮನೆಯ ಮುದುಕಿ ಬಟ್ಟಲಿನಲ್ಲಿ ಬೂದಿ ಹಿಡಿದು ಕೂತಿದ್ದಳು.

"ಏನೂ ಹಚ್ಚಬ್ಯಾಡ್ರಿ, ಒಣಗಲಿ ಬಿಡ್ರಿ" ಎಂದೆ.

"ಓದಿದವ್ರು ನೀವು, ಬ್ಯಾಡಂದ್ರ ಬ್ಯಾಡ ಬಿಡ್ರಿ" ಎಂದು ಬಟ್ಟಲನ್ನು ಸರಿಸಿಟ್ಟಳು.

ಅಷ್ಟೇ. ಅಷ್ಟು ಸುಲಭವಾಗಿ ಕೇಳಿಬಿಟ್ಟರು. ಕೂಸು ಬಾಯಿ ತೆರೆದು ಮಲಗಿತ್ತು. ಅದು ನನ್ನ ಮಾತಲ್ಲ ಎನ್ನಬೇಕೆಂದುಕೊಂಡೆ. ಹಾಗಂದರೆ ಯಾರದೆಂದು ಕೇಳುತ್ತಿದ್ದರು, ಅವಳನ್ನು ನಾವು ಏನು ಮಾಡಿದೆವೆಂದೂ ಹೇಳಬೇಕಾಗುತ್ತಿತ್ತು. ಕೊಟ್ಟ ಚಹಾ ಕುಡಿದು ಬಂದೆ.