ಮೇಯಲು ಹೋದ ಪುಸ್ತಕಗಳು

ಪುಸ್ತಕ ಓದುತ್ತಿದ್ದವರು ನಡುವೆ ಎದ್ದು ಹೋಗುವಾಗ, ಎಲ್ಲಿಯವರೆಗೆ ಓದಿದ್ದೇವೆಂಬುದರ ಗುರುತಿಗೆ ಹಾಳೆಯ ಮೂಲೆಯನ್ನು ಮಡಿಸಿಟ್ಟು ಹೋಗುತ್ತಾರಲ್ಲ, ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಸ್ಸಿನ ಟಿಕೆಟ್ಟು, ನವಿಲುಗರಿ, ಲಗ್ನಪತ್ರಿಕೆಯ ತುಂಡು, ಕೊನೆಗೆ ಉರಿದುಳಿದ ಊದುಬತ್ತಿಯ ಕಡ್ಡಿ, ಇಷ್ಟೆಲ್ಲ ಸಾಧನಗಳನ್ನು ಭಗವಂತ ಧಾರಾಳವಾಗಿ ದಯಪಾಲಿಸಿರುವಾಗ ನಿರಪರಾಧಿ ಹಾಳೆಯ ತೋಳು ತಿರುಚುವ ಅಗತ್ಯವೇನು ಎಂಬುದು ನನ್ನ ವಾದ. ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರು ನನ್ನದೊಂದು ಪುಸ್ತಕದ ಮೂಲೆ ಮಡಿಸಿದರೆಂದು ನಾನು ಕೆಲವು ದಿನ ಅವರೊಡನೆ ಮಾತು ಬಿಟ್ಟಿದ್ದೆ. ಆ ದಿನಗಳು ತಮ್ಮ ದಾಂಪತ್ಯ ಜೀವನದ ಅತ್ಯಂತ ಪ್ರಶಾಂತ ಕಾಲವಾಗಿದ್ದವೆಂದು ಅವರು ಈಗಲೂ ನೆಂಟರ ಮುಂದೆ ನೆನೆಯುತ್ತಾರೆ. ಇಂಥ ನನ್ನ ಕೈಗೆ ದೈವವು ಒಂದು ಶಾಲೆಯ ಗ್ರಂಥಾಲಯವನ್ನೇ ಒಪ್ಪಿಸಿತು.

ನಾನು ಕನ್ನಡ ಕಲಿಸುವ ಪ್ರೌಢಶಾಲೆ ಕೂಡ್ಲಿಗಿಯಿಂದ ಆಚೆ, ಗುಡೇಕೋಟೆಯ ಕಡೆಯ ಕಲ್ಲುಗುಡ್ಡಗಳ ನಡುವಿನ ಒಂದು ಹಳ್ಳಿಯಲ್ಲಿದೆ. ಊರಿನ ಹೆಸರು ಬರೆದರೆ ಮಕ್ಕಳು ಜಗಳಕ್ಕೆ ಬರುತ್ತಾರಾದ್ದರಿಂದ ಬರೆಯುವುದಿಲ್ಲ. ಅಲ್ಲಿ ಪುಸ್ತಕಗಳ ಕೋಣೆಯೊಂದು ಬಹುಕಾಲದಿಂದ ಬೀಗ ಹಾಕಿಸಿಕೊಂಡು ಸಮಾಧಿಸ್ಥಿತಿಯಲ್ಲಿತ್ತು. ನಮ್ಮ ಹೆಡ್‌ಮಾಸ್ತರು ಬಲು ಸಜ್ಜನರು, ಆದರೆ ಡಿಸೆಂಬರಿನ ಕೊನೆಗೆ ನಿವೃತ್ತರಾಗುವವರು. ನಿವೃತ್ತಿ ಹತ್ತಿರವಾದ ಮನುಷ್ಯನಿಗೆ ಕುರ್ಚಿಯ ಕಾಲು ಅಲುಗಿದರೂ ಎದೆ ಅಲುಗುತ್ತದೆ. ನಾನು ಜೂನ್ ತಿಂಗಳಿಡೀ ಗೋಗರೆದ ಮೇಲೆ ಅವರು ಬೀಗದ ಕೈಯನ್ನು ಕೊಟ್ಟರು, ಜೊತೆಗೆ ಕರಾರನ್ನೂ ಕೊಟ್ಟರು. "ಮೇಡಮ್ಮಾರ, ನಾ ಚಾರ್ಜ್ ಕೊಡೋ ದಿನ ಎಲ್ಲಾ ಪುಸ್ತಕ ಕಪಾಟಿನಾಗ ಇರಬೇಕ್ರಿ. ಒಂದ ಒಂದು ಕಮ್ಮಿ ಬಂತಂದ್ರೂ ಬೀಗ ಜಡಿದು, ಕೈಯನ್ನ ಲಕೋಟಿಗೆ ಹಾಕಿ, ಅರಗು ಒತ್ತಿ ಮುಂದಿನವ್ರಿಗೆ ಕೊಡಾಂವ. ಆಮ್ಯಾಲೆ ನನ್ನ ಬೈಬ್ಯಾಡ್ರಿ." ಅರಗು ಒತ್ತಿದ ಲಕೋಟೆಯನ್ನು ಮುಂದಿನವರು ಬಿಚ್ಚುವುದಿಲ್ಲ, ತಮ್ಮ ಮುಂದಿನವರಿಗೆ ದಾಟಿಸುತ್ತಾರೆ ಎಂಬುದು ಸರ್ಕಾರಿ ನೌಕರಳಾದ ನನಗೆ ಚೆನ್ನಾಗಿ ಗೊತ್ತಿತ್ತು.

ಗ್ರಂಥಪಾಲಕರ ಹುದ್ದೆ ನಮಗಿಲ್ಲವಾದ್ದರಿಂದ ಒಂಬತ್ತನೆಯ ತರಗತಿಯಿಂದ ಸ್ವಯಂಸೇವಕರನ್ನು ಆರಿಸಿಕೊಂಡೆ. ಅವರ ಮುಂದಾಳು ದುರುಗಮ್ಮ, ಕುರಿ ಸಾಕುವವರ ಮನೆಯ ಹುಡುಗಿ. ಗುಡ್ಡದ ಈ ತುದಿಯಿಂದ ಆ ತುದಿಗೆ ಕೇಳಿಸುವಂಥ ಕಂಠ. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ನೀರಿನ ಕೊಡ, ಚಿಕ್ಕ ತಮ್ಮಂದಿರು, ಕುರಿಮರಿಗಳು ಅವಳ ದಾರಿ ಕಾಯುತ್ತಿರುತ್ತವೆ. "ಲೈಬ್ರರಿ ಜವಾಬ್ದಾರಿ ಐತಿ" ಎಂಬ ನೆಪದಲ್ಲಿ ಅಪ್ಪನಿಂದ ಗಿಟ್ಟಿಸಿಕೊಂಡ ಸಂಜೆಯ ಒಂದು ತಾಸು ಮಾತ್ರ ಅವಳ ಇಡೀ ದಿನದಲ್ಲಿ ಅವಳದೇ ಆದದ್ದು. ಆ ಕೋಣೆಗೆ ಬೀಗ ಬಿದ್ದರೆ ನನಗೆ ಬೇಸರವಾಗುತ್ತಿತ್ತು, ಅಷ್ಟೆ. ಅವಳಿಗೆ ಆ ತಾಸೇ ಹೋಗುತ್ತಿತ್ತು. ಅವಳ ಸಹಾಯಕ ಕೊಟ್ರೇಶ. ನಮ್ಮ ಸೀಮೆಯಲ್ಲಿ ಕೊಟ್ರೇಶನಿಲ್ಲದ ತರಗತಿ ಇರುವುದಿಲ್ಲ, ನಮ್ಮಲ್ಲಿ ಹಲವರಿದ್ದರು. ಈತ ಅವರೊಳಗೆ ಅತ್ಯಂತ ಉತ್ಸಾಹಿ, ಅದೇ ಪ್ರಮಾಣದಲ್ಲಿ ಮರೆಗುಳಿ.

ತರಬೇತಿಯ ಮೊದಲ ದಿನ ನಾನು ಗ್ರಂಥಗಳ ಮಹಿಮೆ, ವರ್ಗೀಕರಣದ ತತ್ತ್ವ, ಮೌನದ ಮಹತ್ತ್ವಗಳನ್ನು ಕುರಿತು ಸುದೀರ್ಘವಾಗಿ ಉಪನ್ಯಾಸ ಮಾಡಿದೆ. ಸಭೆ ಸ್ತಬ್ಧವಾಗಿತ್ತು. ಯಾವುದಾದರೂ ಸಂದೇಹವಿದೆಯೇ ಎಂದು ಕೇಳಿದಾಗ ಕೊಟ್ರೇಶ ಎದ್ದು ನಿಂತು, "ಊಟದ ಗಂಟಿ ಹೊಡದು ಭಾಳ ಹೊತ್ತಾತ್ರಿ ಮೇಡಂ" ಎಂದ. ಮರುದಿನ ಕೋಣೆ ಗುಡಿಸಲು ಹೇಳಿದರೆ, ಧೂಳು ಏಳಬಾರದೆಂದು ಮನೆಯಂಗಳಕ್ಕೆ ಚಿಮುಕಿಸುವಂತೆ ನೀರು ಚಿಮುಕಿಸಿದರು. ಕೆಳಗಿನ ಸಾಲಿನ ವಿಜ್ಞಾನ ಪುಸ್ತಕಗಳೆಲ್ಲ ಒಂದು ವಾರ ಮೈದಾನದಲ್ಲಿ ಬಿಸಿಲು ಕಾಯಿಸಿಕೊಂಡವು. ವಿಷಯವಾರು ಜೋಡಿಸಿ ಎಂದರೆ ಪ್ರಾರ್ಥನೆಯ ಸಾಲಿನ ನಿಯಮದಂತೆ ಕುಳ್ಳಗಿನವನ್ನು ಮುಂದೆ, ಎತ್ತರದವನ್ನು ಹಿಂದೆ ನಿಲ್ಲಿಸಿದರು. ಕಥೆಯೊಂದು ವ್ಯಾಕರಣದ ಹೆಗಲ ಮೇಲೆ ಕೈಯಿಟ್ಟು ನಿಂತದ್ದನ್ನು ಜೀವಮಾನದಲ್ಲಿ ಮೊದಲ ಬಾರಿಗೆ ನೋಡಿದೆ. ಪಿಸುದನಿಯಲ್ಲಿ ಮಾತಾಡುವುದನ್ನು ಕಲಿಸಿದ್ದಂತೂ ನನ್ನ ಮಹಾಪರಾಧ. ಎಲ್ಲರೂ ಒಟ್ಟಿಗೆ ಶಕ್ತಿಮೀರಿ ಪಿಸುಗುಟ್ಟಿದಾಗ ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಹಾವು ಬಂತೆಂದು ಬೆಂಚು ಹತ್ತಿದ್ದರು.

ಆದರೂ ಕೆಲಸ ಕೈಗೆ ಹತ್ತಿತು, ಅವರದೇ ರೀತಿಯಲ್ಲಿ. ಓದಲು ಒಯ್ದ ಪುಸ್ತಕಗಳನ್ನು ಅವರು "ಮೇಯಾಕ ಹೋಗ್ಯಾವ" ಎನ್ನತೊಡಗಿದರು. ಸಂಜೆ ದುರುಗಮ್ಮ ಕಪಾಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಕುರಿಹಟ್ಟಿಯ ಬಾಗಿಲಲ್ಲಿ ನಿಂತವಳ ಗತ್ತಿನಲ್ಲಿ, "ಒಂದು ಇನ್ನಾ ಮನಿಗೆ ಬಂದಿಲ್ಲ ನೋಡ್ರಿ" ಎನ್ನುವಳು. ಅರ್ಧ ಸಲ ಅವಳ ಲೆಕ್ಕ ತಪ್ಪಾಗಿರುತ್ತಿತ್ತು. ಆದರೆ ತಪ್ಪನ್ನೂ ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದುದರಿಂದ ನಾನೂ ಮೇಜಿನ ಕೆಳಗೆ ಬಗ್ಗಿ ಹುಡುಕುತ್ತಿದ್ದೆ. ನಾನು ಆ ದಿನಗಳಲ್ಲಿ ಎಷ್ಟು ಸುಖಿಯಾಗಿದ್ದೆನೆಂದರೆ, ಮನೆಯಲ್ಲಿ ಒಗೆದ ಬಟ್ಟೆಗಳನ್ನೂ ವಿಷಯವಾರು ವಿಂಗಡಿಸತೊಡಗಿದ್ದೆ.

ಇಷ್ಟರಲ್ಲಿ ಒಂದು ತೊಡಕು ಕಾಣಿಸಿತು. ಶಾಲೆಯ ಮೊಹರಿನ ಮಸಿ ಎಂದೋ ಒಣಗಿ ಹೋಗಿದ್ದರಿಂದ ಪುಸ್ತಕಗಳ ಮೇಲೆ ನಮ್ಮದೆಂಬ ಯಾವ ಗುರುತೂ ಇರಲಿಲ್ಲ. ಆ ಶನಿವಾರ ನಾನು ತವರೂರಾದ ಹರಪನಹಳ್ಳಿಗೆ, ತಮ್ಮನ ಮಗಳ ನಾಮಕರಣಕ್ಕೆ ಹೋಗಬೇಕಿತ್ತು. ಬಸ್ಸಿನ ಅವಸರದಲ್ಲಿ ದುರುಗಮ್ಮನಿಗೆ, "ನಾನು ಬರುವುದರೊಳಗೆ ನೀವೇ ಏನಾದರೂ ಗುರುತು ಮಾಡಿಡಿ. ಎಲ್ಲಿ ಕಳೆದರೂ ನಮ್ಮದೆಂದು ತಿಳಿಯಬೇಕು, ಯಾರೂ ಅಳಿಸುವಂತಿರಬಾರದು" ಎಂದು ಹೇಳಿ ಹೊರಟೆ. ಬಣ್ಣದ ಪೆನ್ನಿನಿಂದ ಏನಾದರೂ ಬರೆದಾರು ಎಂದು ನನ್ನ ಎಣಿಕೆ.

ಸೋಮವಾರ ಬಂದು ಬಾಗಿಲು ತೆರೆದರೆ, ಓದುಗ ಮಿತ್ರರೇ, ಹೇಗೆ ಹೇಳಲಿ. ಪ್ರತಿಯೊಂದು ಪುಸ್ತಕದ ಮೇಲುರಟ್ಟಿನ ಬಲ ಮೂಲೆಯಲ್ಲಿ ಎರಡೆರಡು ಕಚ್ಚು! ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯಿಂದ ನೀಟಾಗಿ ಕೊಯ್ದಿದ್ದರು. ನಿಘಂಟಿನ ರಟ್ಟು ಕತ್ತರಿಗೂ ಬಗ್ಗದೆ ಇಲಿ ಕಡಿದ ಹಾಗೆ ಹರಿದುಕೊಂಡಿತ್ತು. ಅಷ್ಟು ಸಾಲದೆಂಬಂತೆ ಕೊಯ್ದ ಜಾಗಕ್ಕೆಲ್ಲ ಹಳದಿಯಾಗಿ ಏನನ್ನೋ ಮೆತ್ತಿದ್ದರು. ಮೂಲೆ ಮಡಿಸಿದ್ದಕ್ಕೆ ಗಂಡನೊಡನೆ ಮಾತು ಬಿಟ್ಟವಳು ನಾನು, ಮೂಲೆಯನ್ನೇ ಕೊಯ್ದವರೊಡನೆ ಏನು ಬಿಡಬೇಕೋ ತಿಳಿಯದೆ ಸ್ಟೂಲಿನ ಮೇಲೆ ಕುಸಿದೆ.

ದುರುಗಮ್ಮ ನನಗೆ ನೀರು ತಂದುಕೊಟ್ಟು, ನಿಧಾನವಾಗಿ ಬುದ್ಧಿ ಹೇಳಿದಳು. "ಇದು ಕಿವಿ ಗುರುತ್ರಿ ಮೇಡಂ. ನಮ್ಮ ಕುರಿ ಯಾರ ಹಿಂಡಿನಾಗ ಕೂಡಿದ್ರೂ ಕಿವಿ ನೋಡಿ ಹೊಳ್ಳಿ ಕಳಿಸ್ತಾರ. ಯಾರೂ ಅಳಿಸಾಕ ಬರಂಗಿಲ್ಲ. ನೀವ ಹೇಳಿದ್ರಲ್ರಿ?" ಒಂದೊಂದು ಮನೆತನಕ್ಕೆ ಒಂದೊಂದು ಬಗೆಯ ಕಚ್ಚು ಇರುವುದರಿಂದ, ಸುತ್ತಿನ ಹಟ್ಟಿಗಳ ಹಿರಿಯರನ್ನೆಲ್ಲ ಕೇಳಿ, ಯಾರದ್ದೂ ಅಲ್ಲದ ಗುರುತನ್ನೇ ಶಾಲೆಗೆ ಆರಿಸಿದ್ದರಂತೆ. ಈ ಅರಿಶಿನವೇಕೆ ಎಂದು ಕ್ಷೀಣಸ್ವರದಲ್ಲಿ ಕೇಳಿದೆ. "ಗಾಯ ಮಾಯಬೇಕಲ್ರಿ" ಎಂದ ಕೊಟ್ರೇಶ, ಇಷ್ಟೂ ತಿಳಿಯದೇ ಎಂಬ ಮುಖದಲ್ಲಿ. ನನಗೆ ಅಳು ಬರಬೇಕಿತ್ತು. ಬಂದದ್ದು ನಗು, ಅದೂ ನಿಲ್ಲದಂಥ ನಗು.

ಹೆಡ್‌ಮಾಸ್ತರಿಗೆ ನಗು ಬರಲಿಲ್ಲ. ಅವರು ಅರಿಶಿನ ಬಳಿದ ಸಂಪುಟವೊಂದನ್ನು ಕೈಯಲ್ಲಿ ಹಿಡಿದು, "ಕಿವಿ ಹರಿದ ಪುಸ್ತಕ ಅಂತ ಚಾರ್ಜ್ ಪಟ್ಟಿಯೊಳಗ ಹೆಂಗ ಬರೀಲ್ರಿ?" ಎಂದು ಬಹಳ ಹೊತ್ತು ನಿಂತಿದ್ದರು. ಆ ವಾರವೇ ತಪಾಸಣೆಗೆ ಬಂದ ಅಧಿಕಾರಿಗಳಾದರೋ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕವರು ಅಲ್ಲಿಗೇ ಬಿಟ್ಟಿದ್ದರೆ ನಾನು ಇವತ್ತಿಗೂ ಅನಾಮಧೇಯಳಾಗಿ ಬಾಳುತ್ತಿದ್ದೆ. ಅವರು ಕಥೆಯನ್ನು ಕೂಡ್ಲಿಗಿಯ ಹೋಟೆಲಿನಲ್ಲಿ ಬಿತ್ತಿದರು, ಅದು ಕೊಟ್ಟೂರಿನಲ್ಲಿ ಮೊಳೆಯಿತು. ಹಗರಿಬೊಮ್ಮನಹಳ್ಳಿಯ ತರಬೇತಿ ಶಿಬಿರದಲ್ಲಿ ತಂಬ್ರಹಳ್ಳಿಯ ಅಪರಿಚಿತ ಶಿಕ್ಷಕಿಯೊಬ್ಬರು ನನ್ನನ್ನು ಕಂಡೊಡನೆ ತಮ್ಮ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಹಡಗಲಿಯ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ, "ಕಿವಿ ಕೊಯ್ಯೋ ಟೀಚರ್ ಇವ್ರ ಏನ್ರಿ?" ಎಂದು ಕೇಳಿದವರು ಆಮೇಲೆ ಹೋಳಿಗೆ ಬಡಿಸುವವರೆಗೂ ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ಕೀರ್ತಿ ಹರಪನಹಳ್ಳಿ ದಾಟಿ ಬಾಗಳಿಯ ನಮ್ಮ ಚಿಕ್ಕಮ್ಮನ ಮನೆಗೂ ಮುಟ್ಟಿದಾಗ ತವರಿಗೆ ಹೋಗುವುದನ್ನೇ ಕೆಲಕಾಲ ನಿಲ್ಲಿಸಿದೆ. ನಿಜವಾಗಿಯೂ ನಾಚಿಕೆಯಾಗಿತ್ತು.

ನಾಚಿಕೆಗಿಂತ ದೊಡ್ಡ ಕಷ್ಟ ಡಿಸೆಂಬರಿನಲ್ಲಿ ಬಂತು. ನಮ್ಮಲ್ಲಿ ಸಮುದ್ರದ ಚಿತ್ರಗಳ ಒಂದು ದೊಡ್ಡ ಪುಸ್ತಕವಿತ್ತು. ಕೆರೆ ತುಂಬಿದ್ದನ್ನೇ ಅಪರೂಪಕ್ಕೆ ಕಂಡ ಮಕ್ಕಳಿಗೆ ಅದರ ಮೇಲೆ ಬಲು ಮೋಹ. ದುರುಗಮ್ಮ ತನ್ನ ಒಂದು ತಾಸಿನಲ್ಲಿ ಮೊದಲು ತೆರೆಯುತ್ತಿದ್ದುದು ಅದನ್ನೇ. ಅದನ್ನು ಕೊಟ್ರೇಶ ಅತ್ತೆಯ ಮಕ್ಕಳಿಗೆ ತೋರಿಸಲೆಂದು ಹಡಗಲಿಗೆ ಒಯ್ದವನು ಬಸ್ಸಿನಲ್ಲೇ ಬಿಟ್ಟು ಇಳಿದುಬಿಟ್ಟ. ಯಾವ ಬಸ್ಸೆಂಬುದೂ ಅವನಿಗೆ ನೆನಪಿಲ್ಲ. "ಕೆಂಪಂದ್ರಿ" ಎಂದಷ್ಟೇ ಹೇಳಿದ. ನಮ್ಮ ಕಡೆ ಎಲ್ಲ ಬಸ್ಸೂ ಕೆಂಪೇ. ದುರುಗಮ್ಮ ಅವನನ್ನು ಬೈಯಲಿಲ್ಲ, ಬೈದಿದ್ದರೆ ಅವನು ಬದುಕುತ್ತಿದ್ದ. ಅವಳು ಸುಮ್ಮನಾಗಿಬಿಟ್ಟಳು. ಅವಳ ದನಿಯಿಲ್ಲದ ಆ ಕೋಣೆಯಲ್ಲಿ ನಾನು ಜೂನಿನಿಂದ ಬಯಸಿದ್ದ ಮೌನ ಕೊನೆಗೂ ನೆಲೆಸಿತ್ತು. ಅದನ್ನು ಕೇಳಿಸಿಕೊಳ್ಳುವುದು ನನ್ನಿಂದಾಗುತ್ತಿರಲಿಲ್ಲ.

ವರ್ಷದ ಕೊನೆಯ ದಿನ ಬಂತು. ಹೆಡ್‌ಮಾಸ್ತರಿಗೆ ಹಾರ ಹಾಕಿ, ಶಾಲು ಹೊದಿಸಿ, ನಾನು ಒಂದು ಭಾಷಣವನ್ನೂ ಮಾಡಿದ್ದಾಯಿತು. ಮಧ್ಯಾಹ್ನ ಅವರು ಹಾರದೊಡನೆಯೇ ಗ್ರಂಥಾಲಯಕ್ಕೆ ಬಂದು ಎಣಿಸಿದರು, ಮತ್ತೆ ಎಣಿಸಿದರು. ಒಂದು ಕಡಿಮೆಯೇ ಬಂತು. ಬೀಗ ಜಡಿಯಲು ಅವರಿಗೂ ಮನಸ್ಸಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಆದರೂ ಜೇಬಿನಿಂದ ಬೀಗ ತೆಗೆದರು. ದುರುಗಮ್ಮ ಎದುರಾಡದೆ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ, ಚೀಲ ಹೆಗಲಿಗೇರಿಸಿಕೊಂಡು, "ಬರ್ತೀನ್ರಿ ಮೇಡಂ, ಮನ್ಯಾಗ ನೀರು ತರಬೇಕು" ಎಂದಳು.

ಅಷ್ಟರಲ್ಲಿ ಗೇಟಿನ ಬಳಿ ಬಸ್ಸೊಂದು ನಿಂತು ಬಿಡದೆ ಹಾರನ್ ಹೊಡೆಯತೊಡಗಿತು. ನಮ್ಮ ಊರಿನ ಬಸ್ಸು ಗೇಟಿನ ಬಳಿ ನಿಲ್ಲುವಂಥದ್ದಲ್ಲ. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, ಕೈಯಲ್ಲಿ ನೀಲಿಯ ದೊಡ್ಡದೊಂದು ಪುಸ್ತಕವನ್ನೆತ್ತಿ ಕೂಗುತ್ತಿದ್ದ. "ಏನ್ ಮೇಡಂ, ನಿಮ್ಮ ಸಾಲಿ ಕುರಿ ಒಂದು ಹಡಗಲಿತನಕ ಮೇಯಾಕ ಹೋಗಿತ್ತಲ್ರಿ! ಹಿಡಕೊಳ್ರಿ!" ಹಡಗಲಿಯ ಡಿಪೋದಲ್ಲಿ ಸೀಟಿನ ಕೆಳಗೆ ಸಿಕ್ಕದ್ದಂತೆ. ಹೆಸರಿಲ್ಲ, ಮೊಹರಿಲ್ಲ, ಆದರೆ ಮೂಲೆಯಲ್ಲಿ ಎರಡು ಕಚ್ಚು, ಮಾಸಿದ ಅರಿಶಿನ. ಕಿವಿ ಕೊಯ್ಯುವ ಟೀಚರ ಕಥೆ ಗೊತ್ತಿಲ್ಲದವರು ಆ ದಾರಿಯಲ್ಲಿ ಯಾರೂ ಉಳಿದಿರಲಿಲ್ಲ. ಹಡಗಲಿಯವರು ಹರಪನಹಳ್ಳಿಯ ಬಸ್ಸಿಗೆ ಕೊಟ್ಟರು, ಅವರು ಕೊಟ್ಟೂರಿನ ಬಸ್ಸಿಗೆ, ಅವರು ಕೂಡ್ಲಿಗಿಯ ಬಸ್ಸಿಗೆ. ಕೈಯಿಂದ ಕೈಗೆ ದಾಟಿಸುವಾಗಲೆಲ್ಲ ಕಥೆಯನ್ನು ಇನ್ನೊಮ್ಮೆ ಹೇಳಿ ನಕ್ಕು ಕಳಿಸಿದ್ದರು. ನಾನು ತಲೆತಗ್ಗಿಸಿ ತಿರುಗಿದ ಊರುಗಳೆಲ್ಲ ಸೇರಿ ಪುಸ್ತಕವನ್ನು ಮನೆಗೆ ಹೊಡೆದುಕೊಂಡು ಬಂದಿದ್ದವು.

ದುರುಗಮ್ಮ ಓಡಿಹೋಗಿ ಅದನ್ನು ಎದೆಗವಚಿಕೊಂಡಳು. "ಲೇ ಕೊಟ್ರ್ಯಾ, ಬಂತಲೇ!" ಎಂದು ಅವಳು ಕೂಗಿದ ಕೂಗಿಗೆ ಗುಡ್ಡದ ಮೇಲಿನ ಕುರಿಗಳು ತಲೆಯೆತ್ತಿ ನೋಡಿದವು. ಹೆಡ್‌ಮಾಸ್ತರು ಇನ್ನೊಮ್ಮೆ ಎಣಿಸುವ ಗೋಜಿಗೆ ಹೋಗದೆ, ಬೀಗದ ಕೈಯನ್ನು ಲಕೋಟೆಗೆ ಹಾಕುವ ಬದಲು ಅವಳ ಅಂಗೈಗೆ ಹಾಕಿ, ಕತ್ತಿನ ಹಾರವನ್ನು ತೆಗೆದು ಕೊಟ್ರೇಶನಿಗೆ ಹಾಕಿದರು. ಅವರು ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ, ನಿವೃತ್ತರಾದ ಮೇಲೆ.

ಮರುವಾರ ನಾನು ನನ್ನ ಮನೆಯ ಕಪಾಟಿನಿಂದ, ಕಾಲೇಜಿನಲ್ಲಿ ಬಹುಮಾನವಾಗಿ ಬಂದ, ಅಂದಿನವರೆಗೂ ಒಂದು ಗೆರೆ ಬೀಳದಂತೆ ಕಾಗದ ಸುತ್ತಿ ಕಾಪಾಡಿದ್ದ ಪುಸ್ತಕವೊಂದನ್ನು ತಂದು ದುರುಗಮ್ಮನ ಕೈಗಿಟ್ಟೆ. ಅವಳು ಕತ್ತರಿ ಹಿಡಿದು ನನ್ನ ಮುಖ ನೋಡಿದಳು. "ನಿಮಗ ನೋಡಾಕ ಆಗಂಗಿಲ್ಲ, ಹೊರಗ ನಿಂದರ್ರಿ" ಎಂದಳು. ನಿಂತೆ. ಕಚ್, ಕಚ್ ಎಂದು ಎರಡು ಸದ್ದು ಕೇಳಿತು, ಆಮೇಲೆ ಅರಿಶಿನದ ವಾಸನೆ. ಆ ಪುಸ್ತಕವನ್ನು ಯಾರೋ ಅಂದೇ ಮೇಯಲು ಒಯ್ದರು. ತಿರುಗಿ ಬಂದ ದಿನ ಸಹಜವಾಗಿ ಒಳಗೆ ತೆರೆದು ನೋಡಿದೆ. ನಡುವೆ ಒಂದು ಹಾಳೆಯ ಮೂಲೆ ಮಡಿಸಿತ್ತು. ಬಿಡಿಸಲು ಬೆರಳು ಹೋಯಿತು, ಹೋಗಿ ಅಲ್ಲೇ ನಿಂತಿತು. ನಾನೇ ಮೊದಲ ಕೆಲವು ಪುಟ ದಾಟದಿದ್ದ ಪುಸ್ತಕವದು. ಯಾರೋ ಅಲ್ಲಿಯವರೆಗೆ ಓದಿದ್ದಾರೆ, ಮತ್ತೆ ಬರುತ್ತಾರೆ ಎಂದುಕೊಂಡು, ಮಡಿಕೆಯನ್ನು ಹಾಗೆಯೇ ಒತ್ತಿ ಕಪಾಟಿನಲ್ಲಿಟ್ಟೆ.